ಹೇಮಾವತಿ ಹಿನ್ನೀರಿನ ದಡದಲ್ಲಿ ಬೇಸಿಗೆ ರಜೆ

ಹಾಸನದಲ್ಲಿ ಕಡಲಿಲ್ಲ. ಆದರೆ ಏಪ್ರಿಲ್ ಬಂತೆಂದರೆ ಗೊರೂರು ಅಣೆಕಟ್ಟಿನ ಹಿನ್ನೀರು ಇಳಿದು, ಶೆಟ್ಟಿಹಳ್ಳಿಯ ಹಳೇ ಚರ್ಚ್ ಸುತ್ತ ಅಗಲವಾದ ದಡ ತೆರೆದುಕೊಳ್ಳುತ್ತದೆ. ಹಾಸನದಿಂದ ಸುಮಾರು 20 ಕಿಲೋಮೀಟರ್. ಮಳೆಗಾಲದಲ್ಲಿ ಗೋಡೆ ಮುಳುಗುವ ಜಾಗದಲ್ಲಿ ಆಗ ಬಿರುಕು ಬಿಟ್ಟ ನೆಲ, ನೀರಿನ ಅಂಚಲ್ಲಿ ಮಾತ್ರ ಹಸಿ ಕೆಸರು. ದಡದ ಹಕ್ಕಿಗಳಿಗೆ ಆ ಅಂಚೇ ಊಟದ ಎಲೆ.

ಹಿಂದೊಮ್ಮೆ ರಜೆಗೆ ಮಲ್ಪೆಗೆ ಹೋದಾಗ ಹಕ್ಕಿ ಕಂಡ ಕಡೆಗೆಲ್ಲ ನಡೆದಿದ್ದೆ. ನಾನು ಹತ್ತು ಹೆಜ್ಜೆ ಇಟ್ಟರೆ ಅವು ಐವತ್ತು ಹೆಜ್ಜೆ ಆಚೆ. ಈಗ ನಡೆಯುವುದಿಲ್ಲ, ಕೂರುತ್ತೇನೆ. ಬೆಳಿಗ್ಗೆ ಆರೂವರೆಗೆ ತಲುಪಿ, ಬಿಸಿಲು ಬೆನ್ನಿಗೆ ಬೀಳುವ ಹಾಗೆ, ನೀರಿನಿಂದ ದೂರ. ಅರ್ಧ ಗಂಟೆ ಸುಮ್ನೆ ಕೂತರೆ ಹಕ್ಕಿಗಳೇ ಹತ್ತಿರ ಬರುತ್ತವೆ.

ಪ್ಲೋವರ್ ಎಂಬ ಪುಟ್ಟ ಹಕ್ಕಿ ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ನೆಲ ಕುಕ್ಕುತ್ತದೆ. ಕಣ್ಣ ಸುತ್ತ ಹಳದಿ ಬಳೆ, ಕುತ್ತಿಗೆಗೆ ಕಪ್ಪು ಪಟ್ಟಿ. ಗದ್ದೆಗೊರವ ಎಂಬ ಇನ್ನೊಂದು ದಡದ ಹಕ್ಕಿ ನಿಂತಲ್ಲೂ ಬಾಲ ಕುಣಿಸುತ್ತಲೇ ಇರುತ್ತದೆ. ಅದು ಚಳಿಗಾಲದ ಅತಿಥಿ. ಪ್ಲೋವರ್ ಮಾತ್ರ ಬೇಸಿಗೆಯಲ್ಲಿ ಇದೇ ನೆಲದಲ್ಲಿ ಮೊಟ್ಟೆ ಇಡುತ್ತದೆ.

ಕಳೆದ ವರ್ಷ ತಂಗಿಯ ಮಗಳು ಜೊತೆಗಿದ್ದಳು. ಕಾರಿನ ಕಡೆ ವಾಪಸ್ ಬರುವಾಗ ಒಂದು ಪ್ಲೋವರ್ ರೆಕ್ಕೆ ಎಳೆದುಕೊಂಡು ನಮ್ಮೆದುರೇ ತೆವಳಿತು.

"ಮಾವ, ಪಾಪ, ರೆಕ್ಕೆ ಮುರಿದಿದೆ! ಹಿಡಿಯೋಣ್ವಾ?"

ಮುರಿದಿರಲಿಲ್ಲ. ಮೊಟ್ಟೆ ಹತ್ತಿರದಲ್ಲೇ ಇತ್ತು, ನಮ್ಮನ್ನು ಬೇರೆ ಕಡೆ ಸೆಳೆಯಲು ತಾಯಿ ಹೂಡಿದ ಆಟ ಅದು. ನಿಂತಲ್ಲೇ ನೆಲ ನೋಡಿದೆವು. ನನ್ನ ಬಲಗಾಲಿಂದ ಎರಡು ಗೇಣು ಆಚೆ, ಅಂಗೈಯಷ್ಟು ಗುಳಿಯಲ್ಲಿ ನಾಲ್ಕು ಮೊಟ್ಟೆ. ಚೂಪು ತುದಿಗಳೆಲ್ಲ ಒಳಮುಖ. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕಿ, ಬೆಣಚುಕಲ್ಲಿನ ನಡುವೆ ಕಲ್ಲಿನ ಹಾಗೇ ಇದ್ದವು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ? ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ.

ಫೋಟೋ ತೆಗೆಯಲಿಲ್ಲ. ಬಿಸಿಲು ಏರುತ್ತಿತ್ತು. ತಾಯಿ ಮೇಲೆ ಕೂತು ನೆರಳು ಕೊಡದಿದ್ದರೆ ಮೊಟ್ಟೆ ಬೆಂದೇ ಹೋಗುತ್ತದೆ ಅಲ್ವಾ? ಬಂದ ಹೆಜ್ಜೆಗಳ ಮೇಲೇ ಹಿಂದೆ ಸರಿದು, ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿದೆವು. ಸ್ವಲ್ಪ ಹೊತ್ತಿಗೆ ತಾಯಿ ಬಂದು ಕೂತಿತು.

ಅಷ್ಟರಲ್ಲಿ ಮೂರು ಬೈಕ್ ದಡಕ್ಕೆ ಇಳಿದವು. ಇವಳು ಓಡಿಹೋಗಿ ಕೈ ಅಡ್ಡ ಹಿಡಿದಳು. "ಅಣ್ಣ, ಗಾಡಿ ಇಲ್ಲೇ ಬಿಡಿ. ಮುಂದೆ ಮೊಟ್ಟೆ ಇದೆ." ಹುಡುಗರು ಎಂಜಿನ್ ಆಫ್ ಮಾಡಿದರು. ಆಮೇಲೆ ಒಬ್ಬೊಬ್ಬರಾಗಿ ಬೈನಾಕ್ಯುಲರ್ ಕೇಳಿ ತೆಗೆದುಕೊಂಡರು.