1/48 ಅಳತೆಯಲ್ಲಿ ಭಾರತದ ಜಾಗ್ವಾರ್ ಕಟ್ಟುವುದು: ನನ್ನ ಅನುಭವ

ಜಾಗ್ವಾರ್ ಮಾದರಿಗೆ ಕೈ ಹಾಕುವ ಮೊದಲು ನಾನು ತೀರ್ಮಾನಿಸುವುದು ಒಂದೇ ವಿಷಯ: ಯಾವ ನಂಬರಿನ ವಿಮಾನ, ಯಾವ ಕಾಲದ್ದು. ಅದು ಗಟ್ಟಿಯಾಗದೆ ಅಂಟಿನ ಬಾಟಲಿ ತೆರೆಯುವುದಿಲ್ಲ. ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ಮಾಡಿದ ಈ ದಾಳಿ ವಿಮಾನದ ಒಂದೊಂದು ಬಗೆಗೂ ಮೂತಿ ಬೇರೆ, ಹೊರೆ ಬೇರೆ. ಕಿಟ್ಟಿನ ಡಬ್ಬಿ ಮೇಲಿನ ಚಿತ್ರ ನಂಬಿಕೊಂಡರೆ ಎರಡು ಬಗೆ ಕಲಸಿಹೋದ ವಿಮಾನ ಸಿದ್ಧವಾಗುತ್ತದೆ.

ಒಂಟಿ ಸೀಟಿನ ಫ್ರೆಂಚ್ ಜಾಗ್ವಾರ್ 'ಎ', ಬ್ರಿಟಿಷರದು 'ಜಿಆರ್.1'. ನಮ್ಮ 'ಐಎಸ್' ಬ್ರಿಟಿಷ್ ಬಗೆಗೆ ಹತ್ತಿರ. ಆದ್ದರಿಂದ ಉಳಿ ಆಕಾರದ ಮೂತಿ ಇರುವ ಜಿಆರ್.1 ಕಿಟ್ಟನ್ನೇ ಆರಿಸುತ್ತೇನೆ. ಸಮುದ್ರದ ಮೇಲೆ ಹೋಗುವ 'ಐಎಂ' ಬೇಕಾದರೆ ಆ ಉಳಿ ಮೂತಿ ಕತ್ತರಿಸಿ, ಅಗಾವೆ ರೇಡಾರಿನ ದುಂಡು ಮೂತಿಯನ್ನು ಎಪಾಕ್ಸಿ ಪುಟ್ಟಿಯಲ್ಲಿ ಕಟ್ಟಬೇಕು. ಹೊಟ್ಟೆಯ ಕೆಳಗೆ ಸೀ ಈಗಲ್ ಕ್ಷಿಪಣಿ. ಎರಡು ಸೀಟಿನದಕ್ಕೆ ಮಾತ್ರ ಕತ್ತರಿ ಪ್ರಯೋಗ ಬೇಡ. ಅದರ ಮುಂಭಾಗವೇ ಉದ್ದ, ಗಾಜನ್ನಷ್ಟೇ ಬದಲಿಸಿದರೆ ಸಾಲದು. ಬೇರೆ ಕಿಟ್ ತರುವುದೇ ಲೇಸು. ಬಾಲದ ಬಳಿಯ ಸಂಖ್ಯೆಯಲ್ಲೂ ಗುರುತಿದೆ: ಒಂಟಿ ಸೀಟಿಗೆ ಜೆಎಸ್, ಎರಡು ಸೀಟಿಗೆ ಜೆಟಿ, ಸಮುದ್ರದ್ದಕ್ಕೆ ಜೆಎಂ.

ಗುರಿಯ ದೂರ ಅಳೆಯುವ ಲೇಸರ್ ಹೊರಡುವ ಮೂತಿಯ ಕಿಟಕಿಯಿಂದ ಶುರು ಮಾಡುತ್ತೇನೆ, ಏಕೆಂದರೆ ನೋಡುವವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಉಳಿಯ ಇಳಿಜಾರಿನ ಎರಡು ಚಪ್ಪಟೆ ಮುಖಗಳಿಗೂ ಗಾಜಿದೆ. ಕಿಟ್ಟಿನ ಪಾರದರ್ಶಕ ತುಂಡು ದಪ್ಪವಾಗಿ, ಅಂಚು ಮಂಜಾಗಿ ಕಂಡರೆ ಬಿಸಾಡುತ್ತೇನೆ. ಮೂತಿಯ ಒಳಭಾಗಕ್ಕೆ ಕಪ್ಪು ಬಳಿದು, ಒಣಗಿದ ಮೇಲೆ 0.2 ಮಿ.ಮೀ. ಪಾರದರ್ಶಕ ಹಾಳೆಯನ್ನು ಕತ್ತರಿಸಿ ಕೂರಿಸುತ್ತೇನೆ. ಇಲ್ಲಿ ಸೂಪರ್ ಗ್ಲೂ ಹಾಕಬಾರದು, ಅದರ ಆವಿಗೆ ಗಾಜು ಬೆಳ್ಳಗಾಗುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟು ಸಾಕು.

ಮೂತಿ ಮುಚ್ಚುವ ಮೊದಲು, ಮಾದರಿ ಬಾಲದ ಮೇಲೆ ಕೂರದಂತೆ ಒಳಗೆ ತೂಕ ಹಾಕಬೇಕು. ಎಲ್ಲ ಭಾಗಗಳನ್ನೂ ಟೇಪಿನಲ್ಲಿ ಜೋಡಿಸಿ, ಹಿಂದಿನ ಚಕ್ರ ಬರುವ ಜಾಗದ ಕೆಳಗೆ ಪೆನ್ಸಿಲ್ ಇಟ್ಟು, ವಿಮಾನ ಮುಂದಕ್ಕೆ ವಾಲುವ ತನಕ ಸೀಸದ ಗುಂಡು ಸೇರಿಸುತ್ತೇನೆ. ಆಮೇಲೂ 5 ಗ್ರಾಂ ಹೆಚ್ಚಿಗೆ. ಬಣ್ಣ, ಕ್ಷಿಪಣಿ ಎಲ್ಲ ಸೇರಿದ ಮೇಲೆ ಸಮತೋಲ ಸ್ವಲ್ಪ ಜರುಗುತ್ತದೆ.

ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ನಿಜದಲ್ಲಿ 8.69 ಮೀಟರ್, ಈ ಅಳತೆಯಲ್ಲಿ 181 ಮಿ.ಮೀ. ರೆಕ್ಕೆ 3 ಡಿಗ್ರಿ ಕೆಳಕ್ಕೆ ಬಾಗಿದೆ, ಅಂದರೆ ತುದಿ ಬುಡಕ್ಕಿಂತ ಸುಮಾರು 4 ಮಿ.ಮೀ. ತಗ್ಗಿನಲ್ಲಿರಬೇಕು. ಹಿಂದಿನ ಪುಟ್ಟ ರೆಕ್ಕೆಗಳ ಬಾಗು ಇನ್ನೂ ಹೆಚ್ಚು, 10 ಡಿಗ್ರಿ. ಎರಡು ಕಡೆಯ ತುದಿಯ ಎತ್ತರವನ್ನೂ ಸ್ಕೇಲಿನಲ್ಲಿ ಅಳೆದು, ಅಂಟು ಬಿಗಿಯುವ ತನಕ ರಟ್ಟಿನ ಆಸರೆ ಕೊಡುತ್ತೇನೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಜಾಗ್ವಾರಿಗೆ ಐಲೆರಾನ್ ಇಲ್ಲ, ಅಂದರೆ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಹೋಗಿ ವಿಮಾನವನ್ನು ಹೊರಳಿಸುವ ಪಟ್ಟಿ ಇಲ್ಲ. ರೆಕ್ಕೆಯ ಹಿಂದಿನ ಅಂಚಿನ ಉದ್ದಕ್ಕೂ ಇರುವುದು ಫ್ಲ್ಯಾಪ್, ಎರಡು ಕಡೆಯೂ ಒಟ್ಟಿಗೆ ಇಳಿಯುವ ಪಟ್ಟಿ. ವಿಮಾನ ಹೊರಳುವುದು ರೆಕ್ಕೆ ಮೇಲೆ ಏಳುವ ಹಲಗೆ, ಅಂದರೆ ಸ್ಪಾಯ್ಲರ್, ಮತ್ತು ಹಿಂದಿನ ಪುಟ್ಟ ರೆಕ್ಕೆಗಳ ಬಲದಿಂದ. ರೆಕ್ಕೆಯ ತುದಿಯ ತುಂಡನ್ನು ಐಲೆರಾನ್ ಎಂದುಕೊಂಡು ಒಂದು ಮೇಲೆ, ಒಂದು ಕೆಳಗೆ ಮಾಡಿ ನಿಲ್ಲಿಸಿದ ಮಾದರಿ ಕಂಡರೆ ನನಗೆ ನಿಜವಾಗಿಯೂ ಬೇಸರ. ಅಷ್ಟು ಚೆಂದದ ಕೆಲಸ ಅದೊಂದರಿಂದ ಕೆಟ್ಟಿರುತ್ತದೆ. ಇಳಿಸುವುದಾದರೆ ಎರಡು ಕಡೆಯ ಫ್ಲ್ಯಾಪನ್ನೂ ಪೂರ್ತಿ, ಸಮನಾಗಿ ಇಳಿಸಿ.

ನಮ್ಮ ಜಾಗ್ವಾರಿನ ಮುಖ್ಯ ಲಕ್ಷಣ ರೆಕ್ಕೆಯ ಮೇಲೆ ಹೊರುವ ಮ್ಯಾಜಿಕ್ ಕ್ಷಿಪಣಿ. ಬ್ರಿಟಿಷರು ತಮ್ಮ ಜಾಗ್ವಾರಿಗೆ ಹೀಗೆ ಸೈಡ್‌ವೈಂಡರ್ ಹಾಕಿದ್ದು 1990-91ರ ಕೊಲ್ಲಿ ಯುದ್ಧದ ಹೊತ್ತಿಗೆ. ಹಾಗಾಗಿ 1979ರಲ್ಲಿ ಬ್ರಿಟಿಷ್ ವಾಯುಪಡೆಯಿಂದ ಎರವಲು ಬಂದ ವಿಮಾನ ಮಾಡುವವರು ರೆಕ್ಕೆಯ ಮೇಲ್ಭಾಗ ಖಾಲಿ ಬಿಡಿ. ಮಿಕ್ಕವರಿಗೆ ಪೈಲನ್ (ಕ್ಷಿಪಣಿ ಕೂರಿಸುವ ಆಧಾರ) ಬೇಕು. 1 ಮಿ.ಮೀ. ಪ್ಲಾಸ್ಟಿಕ್ ಹಾಳೆ ಎರಡು ಅಂಟಿಸಿ, ಫೋಟೊ ನೋಡಿ ಆಕಾರ ಕತ್ತರಿಸಿ, ಮುಂದಿನ ಅಂಚನ್ನು ಉಜ್ಜಿ ಚೂಪು ಮಾಡುತ್ತೇನೆ. ಜಾಗ, ಕೆಳಗಿನ ಒಳ ಪೈಲನ್ನಿನ ನೇರ ಮೇಲೆ. ಬರೀ ಅಂಟು ನೆಚ್ಚಿದರೆ ಕೈ ತಾಗಿದಾಗ ಕಿತ್ತು ಬರುತ್ತದೆ, ಬರುವಾಗ ಬಣ್ಣವನ್ನೂ ಎಳೆದುಕೊಂಡು ಬರುತ್ತದೆ. ಪೈಲನ್ನಿನ ಬುಡಕ್ಕೆ 0.5 ಮಿ.ಮೀ. ಹಿತ್ತಾಳೆ ತಂತಿಯ ಎರಡು ಮೊಳೆ ಕೂರಿಸಿ, ರೆಕ್ಕೆಗೆ ಅದೇ ಅಳತೆಯ ತೂತು ಕೊರೆಯುತ್ತೇನೆ. ಎರಡು ಪೈಲನ್ನೂ ವಿಮಾನದ ನಡುಗೆರೆಗೆ ಸಮಾನಾಂತರವಾಗಿರಬೇಕು. ರೆಕ್ಕೆಯ ಅಂಚು ಓರೆ ಇರುವುದರಿಂದ ಕಣ್ಣಂದಾಜು ಮೋಸ ಮಾಡುತ್ತದೆ; ಬಾಲದ ತುದಿಯಿಂದ ಮೂತಿಗೆ ದಾರ ಬಿಗಿದು ಅದರಿಂದ ಅಳೆಯಿರಿ. ಮ್ಯಾಜಿಕ್‌ನ ಉದ್ದ ಸುಮಾರು 57 ಮಿ.ಮೀ., ದಪ್ಪ 3.3 ಮಿ.ಮೀ. ಬರಬೇಕು.

ಹಿಂದಿನ ಚಕ್ರಗಳು ಒಂದೊಂದು ಕಾಲಿಗೆ ಜೋಡಿ, ಮುಂದೆ ಒಂಟಿ. ಐದೂ ನೆಲ ಮುಟ್ಟುವಂತೆ ಗಾಜಿನ ಹಲಗೆ ಮೇಲೆ 600 ನಂಬರ್ ಮರಳು ಕಾಗದ ಹಾಸಿ, ಟೈರುಗಳನ್ನು ಹಗುರಾಗಿ ಉಜ್ಜುತ್ತೇನೆ.

ಮೇಲೆ ಕಡುಹಸಿರು ಮತ್ತು ಕಡು ಸಮುದ್ರ ಬೂದು, ಕೆಳಗೆ ತಿಳಿಬೂದು. ಅಕ್ರಿಲಿಕ್ ಬಣ್ಣಕ್ಕೆ ಅಷ್ಟೇ ಥಿನ್ನರ್, ಏರ್‌ಬ್ರಷ್‌ಗೆ 0.3 ಮಿ.ಮೀ. ನಾಝಲ್, 15 ಪಿಎಸ್‌ಐ ಒತ್ತಡ. ಎಂಜಿನ್ ಬಾಯಿಗಳ ಹಿಂದೆ, ಬಾಲದ ಅಡಿಯಲ್ಲಿ ಬಿಸಿ ಗಾಳಿ ಬಡಿಯುವ ಭಾಗ ಬರಿಯ ಲೋಹ. ಅಲ್ಲಿಗೆ ಹೊಳಪು ಕಪ್ಪು ಕೊಟ್ಟು ಮೇಲೆ ಲೋಹದ ಬಣ್ಣ, ಬಾಯಿಯ ಹತ್ತಿರ ಕಂದು ಛಾಯೆ ತೆಳುವಾಗಿ.

ಡೆಕಾಲ್‌ಗಳಲ್ಲಿ (ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆಗಳು) ತೊಂದರೆ ಕೊಡುವುದು ವಾಯುಪಡೆಯ ಚಕ್ರದ ಕೇಸರಿ. ಕಡುಹಸಿರಿನ ಮೇಲೆ ನೇರ ಅಂಟಿಸಿದರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಖಾಲಿ ಬಿಳಿ ಡೆಕಾಲ್ ಹಾಳೆಯಿಂದ ಚಕ್ರಕ್ಕಿಂತ ಕೂದಲೆಳೆಯಷ್ಟು ಚಿಕ್ಕ ವೃತ್ತ ಕತ್ತರಿಸಿ ಮೊದಲು ಅದನ್ನು ಕೂರಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಅದರ ಮೇಲೆ ವಾಯುಪಡೆಯ ಚಕ್ರ ಅಂಟಿಸಬೇಕು. ಅಂಟಿಸುವ ಜಾಗಕ್ಕೆ ಮೊದಲೇ ಹೊಳಪಿನ ವಾರ್ನಿಷ್ ಆಗಿರಲಿ, ಇಲ್ಲದಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿ ಮಚ್ಚೆ ಏಳುತ್ತದೆ. ಎದ್ದರೆ ಸೂಜಿಯಿಂದ ಚುಚ್ಚಿ ಡೆಕಾಲ್ ಮೆತ್ತಗೆ ಮಾಡುವ ದ್ರಾವಣ ಒಂದು ತೊಟ್ಟು ಬಿಡಿ. ಮ್ಯಾಟ್ ವಾರ್ನಿಷ್ ಒಣಗಿದ ಮೇಲೆಯೇ ಕ್ಷಿಪಣಿ ಏರಿಸಿ.