ಬೋರ್ ಹೋಗಿರಲಿಲ್ಲ: ನನ್ನ ಬೋಟ್ ಎಂಜಿನ್ ಮತ್ತೆ ಟಾಪಿಗೆ ಬಂದದ್ದು ಹೀಗೆ

ಪೂರ್ತಿ ರೇಸ್ ಕೊಟ್ಟರೆ ಸ್ಪೀಡ್ ಇಳಿಯುತ್ತಿದ್ದ ನನ್ನ ಬೋಟ್ ಎಂಜಿನ್ ನೋಡಿ, ಬ್ಲಾಕ್ (ಸಿಲಿಂಡರ್ ಇರುವ ಭಾಗ) ಇಳಿಸು, ಬೋರ್ ಮಾಡಿಸು (ಸವೆದ ಸಿಲಿಂಡರಿನ ಒಳಗೋಡೆ ಕೊರೆಸು), ಇಲ್ಲದಿದ್ದರೆ ಗುಜರಿಗೆ ಹಾಕು ಅಂತ ನಾಲ್ಕು ಮಂದಿ ಹೇಳಿದ್ದರು. ನಾನು ಬ್ಲಾಕ್ ಇಳಿಸಲಿಲ್ಲ. ಅದೇ ಎಂಜಿನ್ ಈಗ ಆಲಮಟ್ಟಿ ಹಿನ್ನೀರಿನ ಕೊರ್ತಿ-ಕೊಲ್ಹಾರ ಸೇತುವೆ ಕೆಳಗೆ ಇಬ್ಬರು ಆಳು, ಬಲೆ, ಐಸ್ ಡಬ್ಬಿ ಸಮೇತ ಗಂಟೆಗೆ 30 ಕಿಲೋಮೀಟರಿನ ಮೇಲೆ ಓಡುತ್ತಿದೆ. ಹಿನ್ನೀರಿನಲ್ಲಿ ಎಂಜಿನ್ ಬೋಟ್ ಇಟ್ಟುಕೊಂಡವರಿಗೆ ನಾನು ಕಳೆದುಕೊಂಡ ದುಡ್ಡಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಎಂಜಿನ್ ಟೂ ಸ್ಟ್ರೋಕ್, ಎರಡು ಸಿಲಿಂಡರ್, 15 ಎಚ್‌ಪಿ. ಕಾರವಾರದ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು, 62 ಸಾವಿರ ಕೊಟ್ಟ ನೆನಪು. ಬೋಟು 14 ಅಡಿ ಫೈಬರ್. ಬೇಸಿಗೆಯಲ್ಲಿ ಕೃಷ್ಣೆಯ ನೀರು ಹಿಂದೆ ಸರಿದಾಗ ಬಲೆ ಹತ್ತಿರವೇ ಇರುತ್ತದೆ, ಅರ್ಧ ರೇಸಿನಲ್ಲಿ ಕೆಲಸ ಮುಗಿಯುತ್ತದೆ. ಹಾಗಾಗಿ ರೋಗ ಯಾವಾಗ ಶುರುವಾಯಿತೋ ನನಗೆ ತಿಳಿಯಲೇ ಇಲ್ಲ. ಆಲಮಟ್ಟಿ ಡ್ಯಾಮು ಪೂರ್ತಿ ತುಂಬುವ ಮಟ್ಟವಾದ 519.60 ಮೀಟರಿನ ಹತ್ತಿರ ಬಂದು, ಹೊಲ-ಹಳ್ಳಗಳೆಲ್ಲ ನೀರಾಗಿ, ದೂರದ ಬಲೆ ಎಂಟು-ಒಂಬತ್ತು ಕಿಲೋಮೀಟರ್ ಆದಾಗಲೇ ಗೊತ್ತಾಯಿತು. ಸ್ಟಾರ್ಟಿಂಗ್ ಒಂದೇ ಜಗ್ಗಿಗೆ, ಐಡ್ಲಿಂಗ್ ಬೆಣ್ಣೆಯ ಹಾಗೆ, ಅರ್ಧ ರೇಸಿನವರೆಗೆ ಒಂದು ಮಾತಿಲ್ಲ. ಪೂರ್ತಿ ಕೊಟ್ಟರೆ ಹತ್ತು-ಹನ್ನೆರಡು ಸೆಕೆಂಡ್ ಎತ್ತಿಕೊಂಡು, ಆಮೇಲೆ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಇಳಿಯುತ್ತಿತ್ತು. ಮೊಬೈಲಿನ ಜಿಪಿಎಸ್ಸಿನಲ್ಲಿ 31-32 ತೋರಿಸುತ್ತಿದ್ದದ್ದು 18ಕ್ಕೆ ನಿಂತಿತು. ಬೋಟು ಮೂತಿ ಎತ್ತಿಕೊಂಡೇ ನೀರು ಉಳುತ್ತಿತ್ತು, ಮೇಲೇರಿ ಜಾರುತ್ತಿರಲಿಲ್ಲ.

ಬೆಳಗ್ಗೆ ಐಸ್ ಗಾಡಿ ಕಾಯುವುದಿಲ್ಲ. ಅರ್ಧ ಗಂಟೆ ತಡವಾದರೆ ಕಟ್ಲಾ, ರೋಹುವನ್ನು ದಂಡೆಯ ಮೇಲೆಯೇ ಕೇಳಿದ ರೇಟಿಗೆ ಕೊಡಬೇಕು. ದಿನಕ್ಕೆ ನಾನೂರು-ಐನೂರು ಹಾಗೆಯೇ ಹೋಗುತ್ತಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ಲಗ್ ಬಿಚ್ಚಿದೆ, ಎರಡೂ ಕಪ್ಪು, ಎಣ್ಣೆ ಎಣ್ಣೆ. ಎರಡು ಹೊಸ ಪ್ಲಗ್ ಹಾಕಿದೆ, ಫರಕ್ಕಾಗಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದೆ. ಮತ್ತೆ ತೊಳೆದೆ. ಮೂರನೇ ಸಲ ಕಿಟ್ ತರಿಸಿ ಹಾಕಿದೆ, 1,400. ಪ್ಲಗ್ ಕಪ್ಪಾಗಿದೆ ಅಂದರೆ ಪೆಟ್ರೋಲು ಜಾಸ್ತಿ ಬರುತ್ತಿದೆ, ಇಲ್ಲವೇ ಕರೆಂಟು ಸಾಲುತ್ತಿಲ್ಲ ಅಂತ ಲೆಕ್ಕ ಹಾಕಿ ಪ್ಲಗ್ಗಿಗೆ ಕರೆಂಟು ಕೊಡುವ ಸಿಡಿಐ ಮತ್ತು ಕಾಯಿಲ್ ತರಿಸಿದೆ. ಅಲ್ಲಿ ಸುಮಾರು ಆರೂವರೆ ಸಾವಿರ ಮುಳುಗಿತು. ತಂದ ಮೇಲೆ ವಾಪಸ್ ತೆಗೆದುಕೊಳ್ಳಲು ಅಂಗಡಿಯವರು ಒಪ್ಪಲಿಲ್ಲ.

ಈ ಪ್ಲಗ್ಗಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಆರೂವರೆ ಸಾವಿರ ಹೋದದ್ದು ಇದೇ ಒಂದು ತಪ್ಪಿನಿಂದ. ನಡು ನೀರಿನಲ್ಲಿ ಫುಲ್ ರೇಸ್ ನೋಡಿ, ಸಣ್ಣ ರೇಸಿನಲ್ಲಿ ಹತ್ತು ನಿಮಿಷ ದಂಡೆಗೆ ಬಂದು, ಆಮೇಲೆ ಪ್ಲಗ್ ಬಿಚ್ಚುತ್ತಿದ್ದೆ. ಆ ಹತ್ತು ನಿಮಿಷದಲ್ಲಿ ಪ್ಲಗ್ ಕಪ್ಪಾಗಿಯೇ ಆಗುತ್ತದೆ. ಅದು ಐಡ್ಲಿಂಗಿನ ಬಣ್ಣ, ಟಾಪಿನ ಬಣ್ಣ ಅಲ್ಲ. ಎಷ್ಟೋ ವಾರ ಕಳೆದ ಮೇಲೆ ಬುದ್ಧಿ ಬಂತು. ಪೂರ್ತಿ ರೇಸಿನಲ್ಲಿ ಇದ್ದಾಗಲೇ ಬಂದ್ ಮಾಡಿ, ಅಲ್ಲೇ ತೇಲುತ್ತ ಪ್ಲಗ್ ಬಿಚ್ಚಿದೆ. ಬಿಸಿಗೆ ಬಟ್ಟೆ ಸುತ್ತಿ ಹಿಡಿದು ನೋಡಿದರೆ ತುದಿಯ ಪಿಂಗಾಣಿ ಸುಣ್ಣದಂತೆ ಬೆಳ್ಳಗಿತ್ತು, ಅಂಚಿಗೆ ತೆಳು ಬೂದಿ. ಎಂಜಿನ್ ಪೆಟ್ರೋಲಿಗೆ ಹಸಿದಿತ್ತು. ಪೆಟ್ರೋಲು ಕಡಿಮೆ ಅಂದರೆ ಅದರಲ್ಲಿ ಬೆರೆತ ಆಯಿಲೂ ಕಡಿಮೆ. ಇನ್ನೊಂದು ತಿಂಗಳು ಹೀಗೇ ಓಡಿಸಿದ್ದರೆ ಪಿಸ್ಟನ್ ನಿಜವಾಗಿಯೂ ಹೋಗುತ್ತಿತ್ತು.

ಅಷ್ಟರಲ್ಲಿ ನಮ್ಮ ಕಡೆ ಪಂಪ್‌ಸೆಟ್, ಬೈಕ್ ಎಲ್ಲಾ ನೋಡುವ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದ್ದೆ. ಅವರ ಕೈಯಲ್ಲಿ ಕಲಿತವನೇ ನಾನು. ಅವರು ಕೈಯಿಂದ ಫ್ಲೈವೀಲ್ ತಿರುವಿ ನೋಡಿ ಹೇಳಿದರು: "ಏ ತಮ್ಮಾ, ಇದರ ಪಿಸ್ಟನ್ ರಿಂಗ್ ಹೋಗ್ಯಾವು. ಬ್ಲಾಕ್ ಇಳಸೂದ ಬಿಟ್ರ ಬ್ಯಾರೆ ಹಾದಿ ಇಲ್ಲ."

"ಕಾಕಾ, ಗೇಜ್ ಹಚ್ಚಿ ನೋಡೀನ್ರಿ. ಎರಡೂ ಸಿಲಿಂಡರ್ ಸರಿಸಮ ಅದಾವು."

"ಗೇಜಿನ ಮಾತ ಕೇಳಬ್ಯಾಡ, ಎಂಜಿನ್ ಮಾತ ಕೇಳು."

ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಆ ಗೇಜಿನಲ್ಲಿ ಒಂದು 110, ಇನ್ನೊಂದು 107 ಅಥವಾ 108. ಅಂದರೆ ಒಂದು ಸಿಲಿಂಡರ್ ಸತ್ತು ಇನ್ನೊಂದು ಎಳೆಯುತ್ತಿದೆ ಅನ್ನುವ ಹಾಗೇನೂ ಇರಲಿಲ್ಲ. ಬೋರಿಂಗ್, ಪಿಸ್ಟನ್, ಗ್ಯಾಸ್ಕೆಟ್ ಎಲ್ಲಾ ಸೇರಿ 38-40 ಸಾವಿರ ಅಂದರು. ಕಾಕಾ ಅವರ ಮೇಲೆ ನನಗೆ ಗೌರವ ಇದೆ, ಆದರೆ ಈ ಮಾತಿಗೆ ತಲೆ ಆಡಿಸಲು ಮನಸ್ಸು ಒಪ್ಪಲಿಲ್ಲ. ರಿಂಗ್ ಹೋದ ಎಂಜಿನ್ ತಣ್ಣಗಿದ್ದಾಗ ಒಂದೇ ಜಗ್ಗಿಗೆ ಎದ್ದು ಇಷ್ಟು ಚೆಂದ ಐಡ್ಲಿಂಗ್ ಕೊಡುವುದನ್ನು ನಾನು ನೋಡಿಲ್ಲ.

ನಡುವೆ ಫ್ಯಾನಿನ (ನೀರು ತಳ್ಳುವ ಪ್ರೊಪೆಲ್ಲರಿನ) ಬೆನ್ನೂ ಹತ್ತಿದ್ದೆ. ಒಳಗಿನ ರಬ್ಬರ್ ಬುಶ್ ಸಡಿಲಾದರೆ ಶಾಫ್ಟ್ ತಿರುಗುತ್ತದೆ, ರೆಕ್ಕೆ ಹಿಂದೆ ಬೀಳುತ್ತದೆ. ಹೆಂಡತಿಯ ನೇಲ್ ಪಾಲಿಶ್‌ನಿಂದ ಒಳಗಿನ ಹಬ್ಬಿಗೂ ಹೊರಗಿನ ಸುತ್ತಿಗೂ ಸೇರಿಸಿ ಒಂದು ಗೆರೆ ಎಳೆದು ಓಡಿಸಿದೆ. ಗೆರೆ ಮುರಿಯಲಿಲ್ಲ. ಹಾಗೂ ಸಮಾಧಾನ ಆಗದೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ಅಂತ ತೋರಿಸುವ, ಪ್ಲಗ್ ವೈರಿಗೆ ಸುತ್ತುವ ಟ್ಯಾಕೋಮೀಟರ್ ತರಿಸಿದೆ, 750 ರೂಪಾಯಿ. ಮೊದಲ ದಿನ ಏಳು ಸಾವಿರ ತೋರಿಸಿ ಗಾಬರಿ ಮಾಡಿತು. ಫೋರ್ ಸ್ಟ್ರೋಕ್ ಸೆಟ್ಟಿಂಗಿನಲ್ಲಿ ಇತ್ತು, ಅದಕ್ಕೆ ಎರಡು ಪಟ್ಟು. ಸರಿ ಮಾಡಿದ ಮೇಲೆ 3,400-3,500. ಈ ಎಂಜಿನ್ನಿಗೆ ಫುಲ್ ರೇಸಿನಲ್ಲಿ 4,500ರಿಂದ 5,500ರ ಒಳಗೆ ಇರಬೇಕು. ಬುಶ್ ಜಾರಿದ್ದರೆ ಆರ್‌ಪಿಎಂ ಏರಬೇಕಿತ್ತು, ಇಲ್ಲಿ ಇಳಿದಿತ್ತು. ಫ್ಯಾನಿನ ಮಾತು ಅಲ್ಲಿಗೆ ಮುಗಿಯಿತು. ಬೋಟಿನ ತಳಕ್ಕೆ ಹತ್ತಿದ ಪಾಚಿಯನ್ನೂ ತೆಂಗಿನ ನಾರಿನಿಂದ ಉಜ್ಜಿ ತೆಗೆದೆ, ಒಂದು-ಒಂದೂವರೆ ಕಿಲೋಮೀಟರ್ ಸ್ಪೀಡ್ ಸಿಕ್ಕಿತು. ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸವೇ, ಆದರೆ ರೋಗ ಅದಲ್ಲ.

ಬೆಳ್ಳಗಿನ ಪ್ಲಗ್ ನೋಡಿದ ಮರುದಿನ ಅಳಿಯನನ್ನು ಕೂರಿಸಿಕೊಂಡು ಹೋದೆ. ಫುಲ್ ರೇಸ್ ಕೊಟ್ಟು, ಇಳಿಯಲು ಶುರುವಾದ ಕೂಡಲೇ ಪೆಟ್ರೋಲ್ ಪೈಪಿನ ರಬ್ಬರ್ ಗುಂಡನ್ನು (ಟ್ಯಾಂಕಿನಿಂದ ಎಂಜಿನ್ನಿಗೆ ಕೈಯಿಂದ ಪೆಟ್ರೋಲು ತಳ್ಳುವುದು) ಒತ್ತುತ್ತಲೇ ಇರು ಅಂದೆ. ನಾಲ್ಕನೇ ಒತ್ತಿಗೆ ದನಿ ಬದಲಾಯಿತು. "ಮಾವಾ, ಎತ್ಕೊಂತ ನೋಡ್ರಿ!" ಅಂತ ಹುಡುಗ ಕೂಗಿದ. ಕೈ ಬಿಟ್ಟರೆ ಮತ್ತೆ ಇಳಿಯಿತು. ಅಂದರೆ ಕೊರತೆ ಪೆಟ್ರೋಲಿನದೇ.

ಫ್ಯೂಯೆಲ್ ಪಂಪಿನ ಡಯಾಫ್ರಾಮ್ ಬದಲಿಸಿದೆ, 600. ಗುಣ ಕಾಣಲಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಬಿಚ್ಚಿಟ್ಟೇ ಓಡಿಸಿದೆ. ಟ್ಯಾಂಕಿನ ಒಳಗಿನ ಜಾಲಿ ತೆಗೆದು ನೋಡಿದೆ, ಚೊಕ್ಕ ಇತ್ತು. ಪೈಪಿನ ಒಂದು ಬಾಯಿಗೆ ತುಟಿ ಇಟ್ಟು ಊದಿದರೆ ಗಾಳಿ ಸಲೀಸಾಗಿ ಹೋಗುತ್ತಿತ್ತು. ರಬ್ಬರ್ ಗುಂಡು ಓಡುವಾಗ ಚಪ್ಪಟೆಯೂ ಆಗುತ್ತಿರಲಿಲ್ಲ, ಗಟ್ಟಿಯಾಗಿಯೇ ಇರುತ್ತಿತ್ತು. "ಗುಂಡ ಗಟ್ಟಿ ಐತಿ, ಪೈಪ್ ಬರೋಬ್ಬರಿ ಐತಿ" ಅಂತ ಎಲ್ಲರೂ ಪೈಪನ್ನು ಕೈಬಿಟ್ಟದ್ದು ಇದಕ್ಕೇ. ಗುಂಡು ಚಪ್ಪಟೆಯಾದರೆ ತಡೆ ಟ್ಯಾಂಕಿನ ಕಡೆ ಇದೆ ಅಂತ ಅರ್ಥ. ಗಟ್ಟಿಯಾಗಿಯೇ ಇದ್ದು ಎಂಜಿನ್ ಹಸಿದರೆ ತಡೆ ಗುಂಡಿನಿಂದ ಎಂಜಿನ್ನಿನ ಕಡೆ. ಆಗ ಇಷ್ಟು ಸ್ಪಷ್ಟವಾಗಿ ನನಗೂ ಹೊಳೆದಿರಲಿಲ್ಲ.

ಬೈಕಿಗೆ ಮಾಡುವ ಹಾಗೆ ಬಾಟಲಿ ಕಟ್ಟಿ ನೋಡೋಣ ಅನ್ನಿಸಿತು. ಹಿಂದಿನ ಸೀಟಿಗೆ ಬಿದಿರು ಗಳು ಬಿಗಿದು, ಅರ್ಧ ಲೀಟರಿನ ಸಲೈನ್ ಬಾಟಲಿಯಲ್ಲಿ ಲೀಟರಿಗೆ 20 ಎಂಎಲ್ ಲೆಕ್ಕದ ಆಯಿಲ್ ಬೆರೆಸಿದ ಪೆಟ್ರೋಲು ತುಂಬಿ, ಗೌಂಡಿಗಳು ಲೆವೆಲ್ ನೋಡುವ ತಿಳಿ ಪೈಪನ್ನು ನೇರವಾಗಿ ಪಂಪಿಗೆ ಸೇರಿಸಿದೆ. ಹಳೆಯ ಪೈಪು, ಗುಂಡು, ಕನೆಕ್ಟರ್ ಎಲ್ಲಾ ಪಕ್ಕಕ್ಕೆ. ಸಲೈನಿನ ಸಣ್ಣ ನಳಿಗೆ ಸಾಲುವುದಿಲ್ಲ, ಬಾಯಿ ದೊಡ್ಡದು ಮಾಡಬೇಕು, ಮೇಲೆ ಗಾಳಿಗೆ ತೂತು ಬೇಕು. ಜಾಯಿಂಟಿಗೆಲ್ಲ ಕ್ಲಿಪ್ ಬಿಗಿಯದೆ, ಬೀಡಿ ಸೇದುವವರನ್ನು ಕೂರಿಸಿಕೊಂಡು ಇದನ್ನು ಯಾರೂ ಮಾಡಬೇಡಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೂಗುತ್ತಿರುತ್ತದೆ.

ಅವತ್ತು ಟ್ಯಾಕೋ 5,200 ತೋರಿಸಿತು. ಬೋಟು ಮೂತಿ ಇಳಿಸಿ ಜಾರಿತು. ಬಾಟಲಿ ನಾಲ್ಕು ನಿಮಿಷಕ್ಕೆ ಖಾಲಿ. ಅಷ್ಟರಲ್ಲಿ ಸೇತುವೆಯ ಕಂಬಗಳನ್ನು ಒಂದರ ಹಿಂದೆ ಒಂದು ದಾಟಿದ್ದೆವು. ನಾನು ಎದ್ದು ನಿಂತು ಕೂಗಿದ್ದು ದಂಡೆಗೂ ಕೇಳಿಸಿತಂತೆ.

ಮನೆಗೆ ಬಂದು ಗುಂಡಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ತುಂಡನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಗೆ ಹೊಸದರಂತೆ ಮಿರುಗುತ್ತಿತ್ತು. ಒಳಗೆ, ಕನೆಕ್ಟರಿನಿಂದ ಒಂದು ಗೇಣಿನಷ್ಟು ಉದ್ದ, ಒಳಪದರ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಎದ್ದು ನಿಂತಿತ್ತು. ಉಗುರಿನಿಂದ ಮುಟ್ಟಿದರೆ ಮೆತ್ತಗೆ, ಅಂಟಂಟು. ಮೆಲ್ಲಗೆ ಹರಿದರೆ ಸಿಪ್ಪೆ ಸುಮ್ಮನೆ ಮಲಗಿರುತ್ತದೆ, ಅದಕ್ಕೇ ಐಡ್ಲಿಂಗ್ ಚೆಂದ, ಬಾಯಿಂದ ಊದಿದರೂ ಗಾಳಿ ಸಲೀಸು. ಜೋರಾಗಿ ಎಳೆದಾಗ ಎದ್ದು ಬಾಯಿ ಮುಚ್ಚುತ್ತದೆ. ಮೊದಲ ಹತ್ತು ಸೆಕೆಂಡ್ ಓಡಿದ್ದು ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದಿದ್ದ ಪೆಟ್ರೋಲಿನ ಮೇಲೆ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಹಳೆಯ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಷ್ಟಿದೆ ಅಂತ ನೋಡಲು ಮಗಳ ಪ್ರಯೋಗದ ಅಳತೆ ಗಾಜಿನಲ್ಲಿ ಆಯಿಲ್ ಬೆರೆಸದ 90 ಎಂಎಲ್ ಪೆಟ್ರೋಲಿಗೆ 10 ಎಂಎಲ್ ನೀರು ಹಾಕಿ ಕುಲುಕಿ ಇಟ್ಟೆ. ತಳದ ನೀರು 10 ಇದ್ದದ್ದು 26-27ಕ್ಕೆ ಏರಿತು. ಪೆಟ್ರೋಲಿನಲ್ಲಿದ್ದ ಎಥೆನಾಲಿನ ಬಹುಪಾಲು ನೀರಿನ ಪಾಲಾಯಿತು. ಟ್ಯಾಂಕಿಗೆ ಮಳೆನೀರು ಸೇರಿದರೂ ಹೀಗೆಯೇ ಆಗುತ್ತದೆ, ಮುಚ್ಚಳದ ವಾಶರ್ ನೋಡಿಕೊಳ್ಳಿ. ಆಮೇಲೆ ನಾಲ್ಕು ತರಹದ ಪೈಪಿನ ತುಂಡು ನಾಲ್ಕು ಉಪ್ಪಿನಕಾಯಿ ಬಾಟಲಿಯಲ್ಲಿ ಪೆಟ್ರೋಲಿಗೆ ಹಾಕಿ ಹೊರಗಿನ ಶೆಡ್ಡಿನಲ್ಲಿ ಆರು ವಾರ ಇಟ್ಟೆ. ಒಂದು ಉಬ್ಬಿ ನಿಪ್ಪಲ್ಲಿನ ಮೇಲೆ ಸಡಿಲಾಯಿತು, ಒಂದು ಕಡ್ಡಿಯ ಹಾಗೆ ಬಿರುಸಾಯಿತು, ಒಂದು ಬಣ್ಣ ಬಿಟ್ಟಿತು, ಒಂದು ಹಾಗೆಯೇ ಇದೆ. ಆ ಒಂದನ್ನು ಎಲ್ಲಿಂದ ತರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಈಗ ಅದು ನನ್ನ ಸಣ್ಣ ವ್ಯಾಪಾರವೂ ಹೌದು. ಕನೆಕ್ಟರಿನ ಹತ್ತಿರ ಪೈಪ್ ಮಡಚದ ಹಾಗೆ ಒಳಗೆ ಕೂರಿಸುವ ಒಂದು ಉಪಾಯವೂ ಇದೆ, ಅದನ್ನೂ ಬರೆಯುವುದಿಲ್ಲ. ದಂಡೆಗೆ ಬಂದವರಿಗೆ ಕೈಯಲ್ಲೇ ತೋರಿಸುತ್ತೇನೆ.

ಪೈಪು, ಹೊಸ ಗುಂಡು, ಕನೆಕ್ಟರಿನ ಓ-ರಿಂಗ್, ಕ್ಲಿಪ್ಪು ಎಲ್ಲಾ ಸೇರಿ ಎರಡು ಸಾವಿರದ ಆಸುಪಾಸು ಆಯಿತು. ಅದಕ್ಕೆ ಮುಂಚೆ ಸುಮ್ಮನೆ ಕಳೆದದ್ದು ಒಂಬತ್ತು-ಹತ್ತು ಸಾವಿರ, ಮೀನಿನ ರೇಟಿನಲ್ಲಿ ಹೋದದ್ದು ಬೇರೆ. ಕಾಕಾ ಬಂದು ಸೀಳಿದ ಪೈಪನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಒಂದ ತುಂಡ ನನಗ ಕೊಡು, ಅಂಗಡ್ಯಾಗ ಹುಡುಗ್ರಿಗೆ ತೋರಸ್ತೀನಿ" ಅಂದರು. ಕೊಟ್ಟೆ.

ಹೊಸ ಪೈಪಿನ ಮೇಲೆ ಹಾಕಿದ ತಿಂಗಳು, ವರ್ಷ ಪೇಂಟಿನಲ್ಲಿ ಬರೆದಿದ್ದೇನೆ. ಎರಡು ಮಳೆಗಾಲಕ್ಕೊಮ್ಮೆ, ಚೆನ್ನಾಗಿ ಕಂಡರೂ, ಬದಲಿಸುವುದು ಅಂತ ಇಟ್ಟುಕೊಂಡಿದ್ದೇನೆ. ಉಳಿದದ್ದು ಫ್ಯಾನು. ಆಷಾಢದ ಗಾಳಿಗೆ ತುಂಬಿದ ಬೋಟು ತರುವಾಗ 4,600ಕ್ಕೆ ಇಳಿಯುತ್ತದೆ, ಒಂದಿಂಚು ಕಡಿಮೆ ಪಿಚ್ಚಿನದು (ಒಂದು ಸುತ್ತಿಗೆ ಅಷ್ಟು ಕಡಿಮೆ ಮುಂದೆ ತಳ್ಳುವುದು) ಹಾಕಿ ನೋಡಬೇಕು.