ನ್ಯಾಯತೀರ್ಪಿನ ವಾಕ್ಯಗಳನ್ನು ಓದುವ ಕ್ರಮ

ದೇವರ ನ್ಯಾಯತೀರ್ಪು ಅಂದ ತಕ್ಷಣ ತುಂಬಾ ಜನ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯ ತೆರೆಯುತ್ತಾರೆ. ಬಿಳಿ ಸಿಂಹಾಸನ, ತೆರೆದ ಪುಸ್ತಕಗಳು, ಬೆಂಕಿಯ ಕೆರೆ. ಓದಿದ ಮೇಲೆ ಭಯ ಬಿಟ್ಟು ಬೇರೇನೂ ಉಳಿಯುವುದಿಲ್ಲ. ನಾನು ನಡೆಸುವ ಬೈಬಲ್ ಅಧ್ಯಯನದಲ್ಲಿ ಆ ಅಧ್ಯಾಯವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ನೀವು ಗುಂಪು ನಡೆಸುವಾಗಲೂ ಮೊದಲು ರೋಮಾಪುರದವರಿಗೆ ಬರೆದ ಪತ್ರದ 8:1 ಓದಿ. ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧನಿರ್ಣಯವೇ ಇಲ್ಲ ಅಂತ ಪತ್ರ ಬರೆದ ಅಪೊಸ್ತಲ ಪೌಲ ಹೇಳುತ್ತಾನೆ. ನಂತರ 2 ಕೊರಿಂಥ 5:10. ನಾವೆಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ನಿಲ್ಲಬೇಕು ಅಂತ ಹೇಳುವವನೂ ಅದೇ ಪೌಲ. ಕೊರಿಂಥದಲ್ಲಿ ರೋಮಿನ ಅಧಿಪತಿ ಗಲ್ಲಿಯೋನನ ನ್ಯಾಯಾಸನದ ಮುಂದೆ ಪೌಲನನ್ನೇ ಎಳೆದು ತಂದಿದ್ದರು (ಅಪೊಸ್ತಲರ ಕೃತ್ಯಗಳು 18). ಹಾಗಾಗಿ ಆ ಊರಿನ ಸಭೆಗೆ ನ್ಯಾಯಾಸನ ಅನ್ನುವ ಮಾತು ಚೆನ್ನಾಗಿ ತಿಳಿದಿರುತ್ತದೆ.

ಎರಡೂ ಮಾತು ಒಂದಕ್ಕೊಂದು ಹೊಂದುವುದಿಲ್ಲ ಅನ್ನಿಸುತ್ತೆ, ಅಲ್ವಾ? ಅವಸರ ಮಾಡಬೇಡಿ. 1 ಕೊರಿಂಥ 3:10-15ಕ್ಕೆ ಬನ್ನಿ. ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲೇ. ಅಸ್ತಿವಾರ ಒಂದೇ, ಅದು ಯೇಸು ಕ್ರಿಸ್ತ. ಅದರ ಮೇಲೆ ಒಬ್ಬ ಚಿನ್ನ, ಬೆಳ್ಳಿಯಿಂದ ಕಟ್ಟುತ್ತಾನೆ. ಇನ್ನೊಬ್ಬ ಕಟ್ಟಿಗೆ, ಹುಲ್ಲಿನಿಂದ. ಬೆಂಕಿ ಪರೀಕ್ಷಿಸುವುದು ಕೆಲಸವನ್ನು. 15ನೇ ವಾಕ್ಯದ ಕೆಳಗೆ ಗೆರೆ ಎಳೆಯಿರಿ: ಕೆಲಸ ಸುಟ್ಟುಹೋದರೆ ನಷ್ಟ ಆಗುತ್ತದೆ, ಆದರೂ ಅವನು ರಕ್ಷಣೆ ಹೊಂದುತ್ತಾನೆ. ರಕ್ಷಣೆ ಕೃಪೆಯಿಂದ, ಪ್ರತಿಫಲ ಕೆಲಸಕ್ಕೆ. ಹಾಗಂತ ನಷ್ಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ವಲ್ಪ ಹಿಂದಿನಿಂದ ಓದಿದರೆ ಗೊತ್ತಾಗುತ್ತದೆ, ಇದು ಮೊದಲು ತಟ್ಟುವುದು ಸಭೆಯನ್ನು ಕಟ್ಟುವವರಿಗೆ, ಅಂದರೆ ಬೋಧಿಸುವ ನನ್ನಂಥವರಿಗೆ.

ಗುಂಪಿನಲ್ಲಿ ಕಥೋಲಿಕರಿದ್ದರೆ ಒಂದು ಮಾತು. ಮರಣದ ನಂತರ ಆತ್ಮ ಶುದ್ಧಿಯಾಗುತ್ತದೆ ಎಂಬ ಬೋಧನೆಗೆ ಅವರ ಸಭೆ ಇದೇ ಭಾಗವನ್ನು ತೋರಿಸುತ್ತದೆ. ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ.

ಇನ್ನು ಪ್ರತಿಫಲ. ಬೈಬಲ್ ಅದನ್ನು ಜಯಮಾಲೆ ಅಂತ ಕರೆಯುತ್ತದೆ, ಆದರೆ ಜಯಮಾಲೆಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಯಾರಿಗೆ ಸಿಗುತ್ತದೆ ಅಂತ ನೋಡಿ. ಯಾಕೋಬ 1:12ರಲ್ಲಿ ಕಷ್ಟ ಸಹಿಸಿದವರಿಗೆ. 1 ಪೇತ್ರ 5:4ರಲ್ಲಿ ಮಂದೆಯನ್ನು ಕಾದವರಿಗೆ. 2 ತಿಮೊಥೆ 4:8ರಲ್ಲಿ ಕರ್ತನ ಬರುವಿಕೆಯನ್ನು ಪ್ರೀತಿಸುವ ಎಲ್ಲರಿಗೂ. ಕೊರಿಂಥದ ಹತ್ತಿರ ನಡೆಯುತ್ತಿದ್ದ ಇಸ್ಥ್‌ಮಿಯ ಪಂದ್ಯಗಳಲ್ಲಿ ಗೆದ್ದವನಿಗೆ ಸಿಗುತ್ತಿದ್ದದ್ದು ಎಲೆಗಳ ಹಾರ. ಅದು ಬಾಡುತ್ತಿತ್ತು. ಬಾಡದ ಜಯಮಾಲೆಯ ಮಾತಿರುವ 1 ಕೊರಿಂಥ 9:25 ಓದುವಾಗ ಇದು ನೆನಪಿರಲಿ.

ನಮ್ಮ ಪ್ರಾರ್ಥನಾ ಮಂದಿರ ಗುಡಿಸುವ ಅಜ್ಜಿ ಒಮ್ಮೆ ಕೇಳಿದರು, "ನನಗೆ ಪ್ರಸಂಗ ಮಾಡೋಕೆ ಬರಲ್ಲ, ಓದೋಕೂ ಬರಲ್ಲ. ನನಗೇನಿದೆಯಪ್ಪಾ ಅಲ್ಲಿ?" ಮತ್ತಾಯ 10:42 ಓದಿ ಹೇಳಿದೆ. ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪುವುದಿಲ್ಲ. ಅಜ್ಜಿ ಇನ್ನೊಂದು ಸಲ ಓದಿಸಿದರು. ಲೆಕ್ಕ ಹಾಕುವ ಮನಸ್ಸು ಬಂದರೆ ಮತ್ತಾಯ 20 ಓದಿ: ಸಂಜೆ ಬಂದ ಕೂಲಿಯವನಿಗೂ ಬೆಳಿಗ್ಗೆ ಬಂದವನಷ್ಟೇ ಕೂಲಿ.

ಈಗ ಪ್ರಕಟನೆ 20. ಇದು ವಿಶ್ವಾಸಿಗಳ ನ್ಯಾಯಾಸನಕ್ಕಿಂತ ಬೇರೆ ಅಂತ ಕೆಲವು ಸಭೆಗಳು, ಎರಡೂ ಒಂದೇ ಕೊನೆಯ ತೀರ್ಪು ಅಂತ ಇನ್ನು ಕೆಲವು ಬೋಧಿಸುತ್ತವೆ. ಸುಮ್ನೆ ಜಗಳ ಬೇಡ. ಜೀವಬಾಧ್ಯರ, ಅಂದರೆ ನಿತ್ಯಜೀವ ಹೊಂದುವವರ, ಪಟ್ಟಿಯ ಮಾತಿರುವ 15ನೇ ವಾಕ್ಯದ ಹತ್ತಿರ ನಿಲ್ಲಿ.

ಮುಗಿಸುವಾಗ, ಮನಸ್ಸಿನ ಗುಟ್ಟುಗಳನ್ನು ಕರ್ತನೇ ಬೆಳಕಿಗೆ ತರುತ್ತಾನೆ ಅನ್ನುವ 1 ಕೊರಿಂಥ 4:5 ಓದಿ, ಎಲ್ಲರಿಗೂ ಒಂದೊಂದು ಹಾಳೆ ಕೊಡಿ. ಈಗ ಮಾಡುತ್ತಿರುವ ಒಂದು ಸೇವೆ, ಅದನ್ನು ಯಾರಿಗಾಗಿ ಮಾಡುತ್ತಿದ್ದೇನೆ ಎನ್ನುವುದು, ಇಷ್ಟು ಬರೆದರೆ ಸಾಕು. ಬರೆಯಲು ಬಾರದವರು ಮನಸ್ಸಿನಲ್ಲೇ ದೇವರಿಗೆ ಹೇಳಲಿ. ಗಟ್ಟಿಯಾಗಿ ಓದಿ ಅಂತ ಯಾರನ್ನೂ ಕೇಳಬೇಡಿ.